ಮೊದಲ ಹಾರಾಟಕ್ಕೆ ಮುನ್ನ ಗೈರೊ ಪರೀಕ್ಷೆ

ಪ್ರಶ್ನೆ: ನನ್ನ ಮಗ ಬಿಡಿಭಾಗಗಳನ್ನು ತರಿಸಿ, ಫ್ಲೈಬಾರ್ (ಮುಖ್ಯ ಬ್ಲೇಡುಗಳ ಜೊತೆ ತಿರುಗುತ್ತಾ ಸ್ಥಿರತೆ ಕೊಡುವ ಅಡ್ಡಕಡ್ಡಿ) ಇಲ್ಲದ 450 ಗಾತ್ರದ ರಿಮೋಟ್ ಹೆಲಿಕಾಪ್ಟರನ್ನು ತಾನೇ ಜೋಡಿಸಿದ್ದಾನೆ. ಸ್ಟಿಕ್ ಆಡಿಸಿದರೆ ಎಲ್ಲವೂ ಸರಿಯಾದ ದಿಕ್ಕಿಗೇ ಚಲಿಸುತ್ತವೆ. ನಮ್ಮ ಅಂಗಳದಲ್ಲಿ ಮೊದಲ ಬಾರಿ ಹಾರಿಸುವ ಮುನ್ನ ಇನ್ನೇನು ನೋಡಬೇಕು?
– ಓದುಗರೊಬ್ಬರು, ಬಜಪೆ

ಉತ್ತರ: ಗೈರೊ, ಅಂದರೆ ಯಂತ್ರ ತಾನಾಗಿ ತಿರುಗಿದ್ದನ್ನು ಗುರುತಿಸಿ ತಿದ್ದುವ ಸಾಧನ, ಯಾವ ದಿಕ್ಕಿಗೆ ತಿದ್ದುತ್ತದೆ ಎಂಬುದನ್ನು ಪ್ರತ್ಯೇಕವಾಗಿ ನೋಡಲೇಬೇಕು. ಸ್ಟಿಕ್ಕಿನ ದಿಕ್ಕು ಮತ್ತು ಗೈರೊದ ದಿಕ್ಕು ಎರಡು ಬೇರೆ ಬೇರೆ ಹೊಂದಾಣಿಕೆಗಳಾದ್ದರಿಂದ, ಮೊದಲನೆಯದು ಸರಿಯಿದ್ದೂ ಎರಡನೆಯದು ತಿರುಗುಮುರುಗಾಗಿರಬಹುದು. ಹಾಗಿದ್ದರೆ ಯಂತ್ರವು ನೆಲ ಬಿಟ್ಟ ಕ್ಷಣವೇ ಬುಗುರಿಯಂತೆ ಸುತ್ತತೊಡಗುತ್ತದೆ, ಸ್ಟಿಕ್ಕಿನಿಂದ ಅದನ್ನು ಹಿಡಿದು ನಿಲ್ಲಿಸಲಾಗುವುದಿಲ್ಲ.

ಪರೀಕ್ಷೆಗೆ ಮೊದಲು ಮುಖ್ಯ ಬ್ಲೇಡುಗಳನ್ನೂ ಬಾಲದ ಬ್ಲೇಡುಗಳನ್ನೂ ಕಳಚಿಡಿ. ಮೋಟಾರಿನ ಮೂರೂ ತಂತಿಗಳನ್ನು ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿಡಿ. ಈ ಬ್ಲೇಡುಗಳು ನಿಮಿಷಕ್ಕೆ 2,000ಕ್ಕೂ ಹೆಚ್ಚು ಸುತ್ತು ತಿರುಗುವಂಥವು. ಈ ಕೆಲಸದಲ್ಲಿ ದಯವಿಟ್ಟು ಅವಸರ ಬೇಡ. ಮೊದಲು ರಿಮೋಟ್, ಅನಂತರ ಹೆಲಿಕಾಪ್ಟರಿನ ಬ್ಯಾಟರಿ ಎಂಬ ಕ್ರಮದಲ್ಲಿ ವಿದ್ಯುತ್ ಕೊಟ್ಟು, ಗೈರೊ ಸಿದ್ಧವಾಗುವ ತನಕ ಯಂತ್ರವನ್ನು ಅಲುಗಿಸದೆ ಬಿಡಿ.

ಈಗ ಎಡಕ್ಕೆ ತಿರುಗುವ ಆಜ್ಞೆ ಕೊಟ್ಟು, ಬಾಲದ ಬ್ಲೇಡುಗಳ ಓರೆಯನ್ನು (ಪಿಚ್) ಬದಲಿಸುವ, ದಂಡದ ಮೇಲೆ ಸರಿಯುವ ಸ್ಲೈಡರ್ ಯಾವ ಕಡೆಗೆ ಸರಿಯಿತೆಂದು ಗುರುತಿಟ್ಟುಕೊಳ್ಳಿ. ಸ್ಟಿಕ್ ಬಿಟ್ಟು, ಹೆಲಿಕಾಪ್ಟರನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಥಟ್ಟನೆ ಬಲಕ್ಕೆ ತಿರುಗಿಸಿ. ಸ್ಲೈಡರ್ ಮೊದಲು ಸರಿದ ಕಡೆಗೇ ಸರಿಯಬೇಕು, ಏಕೆಂದರೆ ಮೂತಿಯನ್ನು ಮರಳಿ ಎಡಕ್ಕೆ ತರುವುದೇ ಗೈರೊದ ಕೆಲಸ. ವಿರುದ್ಧ ದಿಕ್ಕಿಗೆ ಸರಿದರೆ ಗೈರೊದ ದಿಕ್ಕನ್ನಷ್ಟೇ ಬದಲಿಸಿ. ಸ್ಲೈಡರನ್ನು ಸರಿಸುವ ಪುಟ್ಟ ಮೋಟಾರಾದ ಸರ್ವೊದ ದಿಕ್ಕನ್ನು ಮುಟ್ಟಬೇಡಿ.

ನಿಮ್ಮದು ಫ್ಲೈಬಾರ್ ಇಲ್ಲದ ಯಂತ್ರವಾದ್ದರಿಂದ ಅದರ ಕೆಲಸವನ್ನೂ ಗೈರೊ ಇರುವ ಫ್ಲೈಬಾರ್‌ಲೆಸ್ ಘಟಕವೇ ಮಾಡುತ್ತದೆ. ಹಾಗಾಗಿ ಸ್ವಾಶ್‌ಪ್ಲೇಟಿಗೂ (ಮುಖ್ಯ ಬ್ಲೇಡುಗಳ ಓರೆಯನ್ನು ಬದಲಿಸುವ, ಅವುಗಳ ಕೆಳಗಿನ ತಟ್ಟೆ) ಇದೇ ಪರೀಕ್ಷೆ ಬೇಕು. ಮೂತಿಯನ್ನು ಕೆಳಕ್ಕೆ ಬಾಗಿಸಿದಾಗ ಸ್ವಾಶ್‌ಪ್ಲೇಟ್ ಹಿಂದಕ್ಕೂ, ಬಲಕ್ಕೆ ಓರೆ ಮಾಡಿದಾಗ ಎಡಕ್ಕೂ ವಾಲಬೇಕು. ಕಲೆಕ್ಟಿವ್ (ಎಲ್ಲ ಮುಖ್ಯ ಬ್ಲೇಡುಗಳ ಓರೆಯನ್ನು ಒಟ್ಟಿಗೆ ಬದಲಿಸುವ ಆಜ್ಞೆ) ಏರಿಸಿದಾಗ ಅದು ಮಟ್ಟವಾಗಿಯೇ ಮೇಲೇರಬೇಕು. ಒಂದು ಬದಿಗೆ ವಾಲಿದರೆ ಯಾವುದೋ ಒಂದು ಸರ್ವೊದ ದಿಕ್ಕು ತಿರುಗುಮುರುಗಾಗಿದೆ ಅಥವಾ ಸ್ವಾಶ್‌ಪ್ಲೇಟಿನ ಮೂರು ಸರ್ವೊಗಳ ಮಿಶ್ರಣವನ್ನು (ಯಾವುದು ಎಷ್ಟು ಚಲಿಸಬೇಕೆಂಬ ಲೆಕ್ಕ) ರಿಮೋಟ್ ಮತ್ತು ಫ್ಲೈಬಾರ್‌ಲೆಸ್ ಘಟಕ ಎರಡೂ ಮಾಡುತ್ತಿವೆ. ಮಿಶ್ರಣ ಘಟಕದಲ್ಲಿ ಮಾತ್ರ ಇರಲಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇವೆಲ್ಲ ಸರಿಯೆನಿಸಿದ ಮೇಲೆ ಬ್ಲೇಡುಗಳಿಲ್ಲದೆಯೇ ಮೋಟಾರನ್ನು ಜೋಡಿಸಿ, ನಿಧಾನ ವೇಗದಲ್ಲಿ ತಿರುಗಿಸುತ್ತಾ, ಥ್ರಾಟಲ್ ಹೋಲ್ಡ್ (ಮೋಟಾರನ್ನು ನಿಲ್ಲಿಸಿಡುವ ರಿಮೋಟಿನ ಸ್ವಿಚ್) ಒತ್ತಿದಾಗ ಅದು ನಿಲ್ಲುತ್ತದೆಯೇ, ರಿಮೋಟ್ ಆರಿಸಿದಾಗಲೂ ನಿಲ್ಲುತ್ತದೆಯೇ ಎಂದು ನೋಡಿ.

ಅಂಗಳದ ವಿಚಾರ: ಬಜಪೆ ಮಂಗಳೂರು ವಿಮಾನ ನಿಲ್ದಾಣಕ್ಕೆ ತಾಗಿಕೊಂಡೇ ಇರುವುದರಿಂದ ಅಲ್ಲಿ ಖಂಡಿತ ಹಾರಿಸಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತಲಿನಂಥ ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ವಲಯವನ್ನು ನೋಡಿಕೊಂಡು, ಜನರಿಲ್ಲದ ಬಯಲಿಗೆ, ಕಡಲ ಗಾಳಿ ಏಳುವ ಮುಂಚೆ ಬೆಳಿಗ್ಗೆಯೇ ಹೋಗಿ. ಬ್ಯಾಟರಿ ಜೋಡಿಸಿದ ಕೂಡಲೇ, ಥ್ರಾಟಲ್ ಹೋಲ್ಡ್ ಹಾಕಿಟ್ಟು, ಬಾಲ ಮತ್ತು ಸ್ವಾಶ್‌ಪ್ಲೇಟಿನ ಪರೀಕ್ಷೆಯನ್ನು ಅಲ್ಲಿಯೂ ಒಮ್ಮೆ ಮಾಡಿಸಿ.