ಓದುಗರ ಪ್ರಶ್ನೆ: ಮಳೆಗಾಲದ ಜ್ವರ-ಕೆಮ್ಮು ನಿಜಕ್ಕೂ ದುಪ್ಪಟ್ಟಾಯಿತೇ?

ಪ್ರಶ್ನೆ: ಮಳೆಗಾಲ ಬಂತೆಂದರೆ ‘ಶೀತ-ಜ್ವರದ ಪ್ರಕರಣಗಳು ಒಂದೇ ವಾರದಲ್ಲಿ ದುಪ್ಪಟ್ಟು’ ಎಂಬ ಸುದ್ದಿ ತಪ್ಪದೇ ಬರುತ್ತದೆ. ಈ ಲೆಕ್ಕ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಶಿರಸಿ

ಉತ್ತರ: ಲೆಕ್ಕದ ಮೂಲ 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ. ಲಕ್ಷಣಗಳನ್ನು ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ‘ಎಸ್’ ನಮೂನೆ, ರೋಗಿಯನ್ನು ಪರೀಕ್ಷಿಸಿದ ವೈದ್ಯರದು ‘ಪಿ’, ಪ್ರಯೋಗಾಲಯದ್ದು ‘ಎಲ್’. ಹಿಂದೆ ವಾರಕ್ಕೊಮ್ಮೆ ಹೋಗುತ್ತಿದ್ದ ಈ ವರದಿಗಳನ್ನು 2021ರಿಂದ ದೇಶದಾದ್ಯಂತ ಐಎಚ್‌ಐಪಿ ಎಂಬ ಗಣಕ ವ್ಯವಸ್ಥೆಯಲ್ಲಿ ದಿನದಿನವೂ ದಾಖಲಿಸಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಮತ್ತು ಕೆಮ್ಮು ಹತ್ತು ದಿನಗಳೊಳಗೆ ಶುರುವಾಗಿದ್ದರೆ ಅದು ‘ಐಎಲ್‌ಐ’, ಅಂದರೆ ಫ್ಲೂ ತರಹದ ಕಾಯಿಲೆ. ಅದೇ ರೋಗಿಯನ್ನು ಆಸ್ಪತ್ರೆಗೆ ದಾಖಲಿಸಬೇಕಾಗಿ ಬಂದರೆ ‘ಸಾರಿ’ (SARI), ಅಂದರೆ ತೀವ್ರ ಉಸಿರಾಟದ ಸೋಂಕು. ಬರೀ ಮೂಗು ಸೋರುವ ನೆಗಡಿ ಈ ಎರಡರಲ್ಲಿಯೂ ಸೇರುವುದಿಲ್ಲ.

ಇಲ್ಲಿ ಎಣಿಕೆಯಾಗುವುದು ಊರಿನಲ್ಲಿರುವ ಕಾಯಿಲೆಯಲ್ಲ, ಆಸ್ಪತ್ರೆಯ ಬಾಗಿಲಿಗೆ ಬಂದ ಕಾಯಿಲೆ ಮಾತ್ರ. ಮನೆಯಲ್ಲಿಯೇ ಕಷಾಯ ಕುಡಿದು ಮಲಗಿದವರು ಯಾವ ನಮೂನೆಯಲ್ಲಿಯೂ ಇಲ್ಲ. ಖಾಸಗಿ ದವಾಖಾನೆಗಳ ವರದಿಯೂ ಪೂರ್ತಿಯಾಗಿ ಬರುವುದಿಲ್ಲ. ಆದ್ದರಿಂದ ಸಂಖ್ಯೆಗಿಂತ ಪಾಲನ್ನು ನೋಡುವುದು ಮೇಲು. ಒಂದು ವಾರ 300 ಹೊರರೋಗಿಗಳಲ್ಲಿ 45 ಮಂದಿಗೆ ಜ್ವರ-ಕೆಮ್ಮು, ಮರುವಾರ 600 ಮಂದಿಯಲ್ಲಿ 90 ಮಂದಿಗೆ ಎಂದಿಟ್ಟುಕೊಳ್ಳಿ. ಸುದ್ದಿಯಲ್ಲಿ ಅದು ದುಪ್ಪಟ್ಟು, ಆದರೆ ಪಾಲು ಎರಡೂ ವಾರ ಶೇ 15.

ಮಂದಿ ಇಮ್ಮಡಿಯಾಗಿ ಬಂದದ್ದೇಕೆ ಎಂಬುದಕ್ಕೆ ಘಟ್ಟದ ಮೇಲಿನವರಿಗೆ ಉತ್ತರ ಗೊತ್ತೇ ಇದೆ. ಹೊಳೆ ತುಂಬಿ, ಬಸ್ಸು ನಿಂತು, ಶಾಲೆಗಳಿಗೆ ರಜೆ ಘೋಷಿಸಿದ ವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಒಪಿಡಿ ಪುಸ್ತಕದ ಪುಟಗಳು ಅರ್ಧಕ್ಕೇ ನಿಲ್ಲುತ್ತವೆ; ಮಳೆ ಹೊಳವಾದ ಸೋಮವಾರ, ಊರ ಹೆಸರಿನ ಅಂಕಣದಲ್ಲಿ ದೂರದ ಹಳ್ಳಿಗಳೆಲ್ಲ ಒಟ್ಟಿಗೇ ಕಾಣಿಸಿಕೊಂಡು, ಪುಟವೊಂದು ಮಧ್ಯಾಹ್ನದೊಳಗೆ ತುಂಬಿಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಂಥ ಹೊತ್ತಿನ ಆಸ್ಪತ್ರೆ ಅಂಕಿಗಳನ್ನು ಓದುವಾಗ, ಕಡಿಮೆಯಾದದ್ದು ರೋಗವೋ ದಾರಿಯೋ ಎಂದು ಮೊದಲು ಕೇಳಿಕೊಳ್ಳಬೇಕು.

ಹೋಲಿಕೆಯನ್ನು ಕಳೆದ ವಾರದೊಂದಿಗೆ ಮಾಡುವುದಕ್ಕಿಂತ ಹಿಂದಿನ ಹಲವು ವರ್ಷಗಳ ಅದೇ ವಾರದೊಂದಿಗೆ ಮಾಡುವುದು ಸರಿಯಾದ ಕ್ರಮ. ಭಾರತದಲ್ಲಿ ಋತುಮಾನದ ಫ್ಲೂ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ ಏರುವುದರಿಂದ, ಜುಲೈಯ ಏರಿಕೆ ತಾನಾಗಿ ಅಸಹಜವೇನಲ್ಲ. ನಿಮ್ಮೂರಿಗೆ ಮಾತ್ರ ಒಂದು ತೊಡಕಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಗಳಿಗೊಮ್ಮೆ ಮಾರ್ಚ್‌ ಹೊತ್ತಿಗೆ, ಅಂದರೆ ಫ್ಲೂವಿನ ಮೊದಲ ಏರಿಕೆಯ ಕಾಲದಲ್ಲಿಯೇ, ನಡೆಯುತ್ತದೆ. ಹೊರಗಿನ ಜನ ಲಕ್ಷಗಟ್ಟಲೆ ಬಂದ ವರ್ಷದ ಮಾರ್ಚನ್ನು ಜಾತ್ರೆಯಿಲ್ಲದ ವರ್ಷದ ಮಾರ್ಚಿನ ಪಕ್ಕದಲ್ಲಿಟ್ಟರೆ ತಪ್ಪು ತೀರ್ಮಾನವೇ ಸಿಗುತ್ತದೆ. ಜಾತ್ರೆಯ ವರ್ಷಗಳನ್ನು ತಮ್ಮತಮ್ಮಲ್ಲೇ ಹೋಲಿಸುವುದು ಲೇಸು.

ನನ್ನ ಮಟ್ಟಿಗೆ ಹೇಳುವುದಾದರೆ, ಐಎಲ್‌ಐ ಏರಿದ್ದಕ್ಕಿಂತ ಸಾರಿ ಪ್ರಕರಣಗಳು ಏರಿದ ಸುದ್ದಿಗೆ ಹೆಚ್ಚು ಗಮನ ಕೊಡುತ್ತೇನೆ, ಏಕೆಂದರೆ ಉಸಿರಾಟದ ತೊಂದರೆಯಿಂದ ಒಳರೋಗಿಯಾಗುವವರ ಸಂಖ್ಯೆ ಬಸ್ಸಿನ ಓಡಾಟದಿಂದ ಅಷ್ಟಾಗಿ ಏರಿಳಿಯುವುದಿಲ್ಲ. ಯಾವ ವೈರಾಣು ಎಂಬುದನ್ನಂತೂ ಗಂಟಲು ದ್ರವದ ಪರೀಕ್ಷೆಯೇ ಹೇಳಬೇಕು. ಅಲ್ಲಿಯೂ ಪಾಸಿಟಿವ್ ಬಂದವರ ಸಂಖ್ಯೆಯ ಜೊತೆಗೆ ಒಟ್ಟು ಎಷ್ಟು ಮಾದರಿ ಪರೀಕ್ಷಿಸಿದರು ಎಂಬುದನ್ನು ಕೊಡದ ವರದಿಯಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರನ್ನು ನ್ಯುಮೋನಿಯಾ ಎಂದು ಗೋವಾದ ಆಸ್ಪತ್ರೆಗೆ ಸೇರಿಸಿದ್ದೆವು. ಅವರು ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಇರುತ್ತಾರೆಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ವರದಿ ಮಾಡುವುದು ಚಿಕಿತ್ಸೆ ಕೊಟ್ಟ ಆಸ್ಪತ್ರೆ. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುವ ನಮ್ಮ ಜಿಲ್ಲೆಯಲ್ಲಿ ತೀವ್ರ ಪ್ರಕರಣಗಳು ಸ್ಥಳೀಯ ಲೆಕ್ಕದಿಂದ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು. ದಾಖಲಾತಿಯ ವೇಳೆ ನೆಂಟರ ಮನೆಯ ವಿಳಾಸ ಕೊಡದೆ, ಸ್ವಂತ ಊರು ಮತ್ತು ತಾಲೂಕಿನ ಹೆಸರನ್ನೇ ಬರೆಸಿ.