ದಡಾರ ಯಾರು ತಂದರು ಅನ್ನುವವರಿಗೆ
ಉತ್ತರ ಕೊಡುವವರು: ಮೈಸೂರಿನ ಮಕ್ಕಳ ತಜ್ಞರು

ದಡಾರದ ಬಗ್ಗೆ ಬರುವ ಪತ್ರಗಳಲ್ಲಿ "ಯಾರು ತಂದರು" ಅನ್ನುವುದೇ ಜಾಸ್ತಿ. ಈ ಸಲ ಅದಕ್ಕೇ ಉತ್ತರ. ರೋಗದ ಲಕ್ಷಣ ಏನು, ಲಸಿಕೆ ಎಲ್ಲಿ ಸಿಗುತ್ತದೆ ಅನ್ನುವುದನ್ನು ನಿಮ್ಮ ಆಶಾ ಕಾರ್ಯಕರ್ತೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ನಮ್ಮೂರಲ್ಲಿ ಮೂರು ಮಕ್ಕಳಿಗೆ ದಡಾರ ಆಗಿದೆ. ಆಲೆಮನೆ ಕೆಲಸಕ್ಕೆ ಉತ್ತರ ಪ್ರದೇಶದಿಂದ ಬಂದವರ ಮಗುವಿಗೂ ಆಗಿದೆ. ಅವರಿಂದಲೇ ಹಬ್ಬಿದ್ದು ಅಲ್ವಾ ಡಾಕ್ಟ್ರೇ? – ಪಾಂಡವಪುರ ತಾಲ್ಲೂಕಿನ ಓದುಗರು

ಯಾವ ಮಗುವಿಗೆ ಯಾವ ತಾರೀಕಿಗೆ ದದ್ದು ಎದ್ದಿತು? ನಿಮ್ಮ ಪತ್ರದಲ್ಲಿ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ವೈರಸ್ ಒಳಗೆ ಹೋಗಿ ದದ್ದು ಕಾಣಲು ಸಾಮಾನ್ಯವಾಗಿ 14 ದಿನ ಬೇಕು. 7ರಿಂದ 21 ದಿನದವರೆಗೆ ಆಚೀಚೆ ಆಗಬಹುದು. ಮಗು ರೋಗ ಹರಡುವುದು ದದ್ದು ಏಳುವ 4 ದಿನ ಮುಂಚಿನಿಂದ, ಎದ್ದ 4 ದಿನದವರೆಗೆ. ಮೂವರಿಗೂ ಎರಡು ದಿನದ ಅಂತರದಲ್ಲಿ ದದ್ದು ಎದ್ದಿದ್ದರೆ ಒಬ್ಬರಿಂದ ಒಬ್ಬರಿಗೆ ಹೋಗಿದ್ದಲ್ಲ. ಎಲ್ಲೋ ಒಂದೇ ಕಡೆ ಅಂಟಿರಬೇಕು. ಅದು ಮದುವೆ ಮನೆಯೋ, ಮೇಲುಕೋಟೆ ವೈರಮುಡಿಯೋ, ಡಾಕ್ಟರಿಗೆ ಕಾಯುತ್ತಾ ಕೂತ ಕೋಣೆಯೋ ಆಗಬಹುದು. ರೋಗದ ಮಗು ಎದ್ದು ಹೋದ ಮೇಲೂ 2 ಗಂಟೆವರೆಗೆ ವೈರಸ್ ಅಲ್ಲಿನ ಗಾಳಿಯಲ್ಲಿ ಇರಬಲ್ಲದು.

ಗಂಟಲಿನ ದ್ರವ ತೆಗೆದು ವೈರಸ್ಸಿನ ತಳಿ ನೋಡಿದರೆ ಎಲ್ಲಿಂದ ಬಂದಿರಬಹುದು ಅನ್ನುವ ಸುಳಿವು ಸಿಗುತ್ತದೆ. ಸುಳಿವು ಅಷ್ಟೇ. ಡಿ8 ಅನ್ನುವ ತಳಿ ದೇಶದ ಎಷ್ಟೋ ಕಡೆ ಸಿಕ್ಕಿದೆ, ಅದು ಯಾರ ಮನೆ ಬಾಗಿಲನ್ನೂ ತೋರಿಸುವುದಿಲ್ಲ.

ರೋಗದ ಜಾಡು ತಪ್ಪುವುದು ಅದನ್ನು ಮುಚ್ಚಿಟ್ಟ ಮನೆಯಲ್ಲಿ. "ಅಮ್ಮ ಬಂದಿದ್ದಾಳೆ, ಸೂಜಿ ಚುಚ್ಚಿಸಬಾರದು" ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಸುಮ್ಮನೆ ಕೂರುತ್ತೀರಿ. ಬೇವಿನ ಸೊಪ್ಪಿಗೆ ನನ್ನ ತಕರಾರಿಲ್ಲ, ಸುಮ್ಮನೆ ಕೂರುವುದಕ್ಕೆ ಇದೆ. ದಡಾರವೇ ಹೌದಾ ಅಂತ ನೋಡುವ ರಕ್ತ ಪರೀಕ್ಷೆಗೆ ದದ್ದು ಎದ್ದ 28 ದಿನದೊಳಗೆ ರಕ್ತ ಕೊಡಬೇಕು. ಗಂಟಲಿನ ದ್ರವವನ್ನು ವಾರದೊಳಗೇ ತೆಗೆದರೆ ಒಳ್ಳೆಯದು.

ಇನ್ನೊಂದು ಚಾಳಿ ವಿಳಾಸದ್ದು. ಮಳವಳ್ಳಿಯ ಮಗುವನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸೇರಿಸುತ್ತಾರೆ. ಚೀಟಿ ಬರೆಸುವಾಗ ಕುವೆಂಪುನಗರದ ಚಿಕ್ಕಮ್ಮನ ಮನೆ ವಿಳಾಸ ಕೊಡುತ್ತಾರೆ. ರೋಗ ಎಲ್ಲೆಲ್ಲಿದೆ ಅಂತ ಗುರುತು ಹಾಕುವ ನಕ್ಷೆಯಲ್ಲಿ ಚುಕ್ಕಿ ಕುವೆಂಪುನಗರದಲ್ಲಿ ಬೀಳುತ್ತದೆ, ಆರೋಗ್ಯ ಸಿಬ್ಬಂದಿಯೂ ಅಲ್ಲಿಗೇ ಹೋಗುತ್ತಾರೆ. ಮಳವಳ್ಳಿಯ ಬೀದಿಯಲ್ಲಿ ರೋಗ ಆರಾಮಾಗಿ ಓಡಾಡಿಕೊಂಡಿರುತ್ತದೆ. ಹಾಗೇ, ಕೇಸು ಜಾಸ್ತಿ ಕಂಡ ತಾಲ್ಲೂಕೇ ಕೆಟ್ಟದ್ದು ಅಂತಲೂ ಅಲ್ಲ. ಎಷ್ಟೋ ಸಲ ಅಲ್ಲಿನವರು ಸರಿಯಾಗಿ ವರದಿ ಮಾಡಿರುತ್ತಾರೆ, ಪಕ್ಕದವರು ಮಾಡಿರುವುದಿಲ್ಲ.

ಈಗ ನಿಮ್ಮೂರಿನ ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಎರಡೂ ಡೋಸ್ ಆಗಿದೆಯಾ? ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಆಗಿದ್ದರೆ ಯಾರು ತಂದರೂ ಊರೆಲ್ಲ ಹಬ್ಬುವುದಿಲ್ಲ. ಆಲೆಮನೆ ಮಕ್ಕಳಿಗೆ ಕಾರ್ಡ್ ಇಲ್ಲದಿದ್ದರೂ ಲಸಿಕೆ ಹಾಕುತ್ತಾರೆ. ಅವರ ಶೆಡ್ಡು ಎಲ್ಲಿದೆ ಅಂತ ಆಶಾ ಕಾರ್ಯಕರ್ತೆಗೆ ತೋರಿಸಿ.

ಪ್ರಶ್ನೆ: ಈ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗಲ್ವಂತೆ? – ಮಂಡ್ಯ

2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದಲ್ಲೇ ವಾಟ್ಸಾಪ್‌ನಲ್ಲಿ ಸುತ್ತಿದ ಸುಳ್ಳು. ರುಬೆಲ್ಲಾ ಅನ್ನುವುದು ಗರ್ಭಿಣಿಗೆ ಅಂಟಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಕುತ್ತು ತರುವ ರೋಗ. ಅದೇ ಸೂಜಿಯಲ್ಲಿರುವ ರುಬೆಲ್ಲಾ ಲಸಿಕೆ ಮುಂದೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯ ಉಳಿಸುತ್ತದೆ.

ಪ್ರಶ್ನೆ: ದಡಾರ ಪೂರ್ತಿ ಹೊರಗೆ ಬರಲಿ ಅಂತ ನಾಟಿ ವೈದ್ಯರು ಪುಡಿ ಕೊಟ್ಟಿದ್ದಾರೆ, ಹಾಲು ಮೊಸರು ಬೇಡ ಅಂದಿದ್ದಾರೆ. – ನಂಜನಗೂಡು

ಪುಡಿ ತಿಪ್ಪೆಗೆ ಹಾಕಿ, ಮಗುವಿಗೆ ಊಟ ಹಾಕಿ. ಸಾಲಾಗಿ ಎರಡು ದಿನ ವಿಟಮಿನ್ ಎ ಕೊಡಬೇಕು, ಅದನ್ನು ಆಸ್ಪತ್ರೆಯಲ್ಲೇ ಕೊಡಿಸಿ. ಉಸಿರಾಟ ಜೋರಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಶಾಲೆಗೆ ಯಾವಾಗ ಕಳಿಸಬಹುದು? – ಮೈಸೂರು

ಪುಸ್ತಕದ ಪ್ರಕಾರ ದದ್ದು ಎದ್ದು 4 ದಿನ ಕಳೆದ ಮೇಲೆ. ನನ್ನನ್ನು ಕೇಳಿದರೆ ಒಂದು ವಾರ ಮನೆಯಲ್ಲಿಟ್ಟುಕೊಳ್ಳಿ, ಟೆಸ್ಟ್ ಇದ್ದರೂ ಸರಿ.