ಪುಶ್‌ರಾಡ್ ಎಂಜಿನ್ ಹಳೇದಾಯ್ತಾ?

ಪ್ರಶ್ನೆ: ಓವರ್‌ಹೆಡ್ ಕ್ಯಾಮ್ ಬಂದು ಎಷ್ಟೋ ವರ್ಷವಾಯ್ತು. ಆದರೂ ಕೆಲವು ಕಂಪನಿಗಳು ಪುಶ್‌ರಾಡ್ ಎಂಜಿನ್ ಮಾಡುತ್ತಲೇ ಇವೆ. ಯಾಕೆ? ಎರಡರಲ್ಲಿ ಯಾವುದು ಮೇಲು?

ಉತ್ತರ: ಎರಡನ್ನೂ ಬಿಚ್ಚಿ ಜೋಡಿಸಿದ್ದೇನೆ. ಪುಶ್‌ರಾಡನ್ನು ಹಳೇದು ಅಂತ ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಅದರಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ಉಬ್ಬುಗಳಿರುವ ತಿರುಗುವ ದಂಡ, ಕೆಳಗೆ, ಸಿಲಿಂಡರ್‌ಗಳಿರುವ ಬ್ಲಾಕಿನೊಳಗೆ ಇರುತ್ತದೆ. ಕ್ಯಾಮಿನ ಉಬ್ಬು ತನ್ನ ಮೇಲೆ ಕೂತ ಟ್ಯಾಪೆಟ್ ಎಂಬ ತುಂಡನ್ನು ಎತ್ತುತ್ತದೆ, ಟ್ಯಾಪೆಟ್ ಉದ್ದನೆಯ ರಾಡನ್ನು (ಇದೇ ಪುಶ್‌ರಾಡ್), ರಾಡ್ ಏತದಂತೆ ಆಡುವ ರಾಕರ್ ಆರ್ಮನ್ನು ತಳ್ಳುತ್ತದೆ. ಆಮೇಲೆ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್ ತೆರೆಯುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಓಡುವಾಗ, ಎರಡು ಸುತ್ತಿಗೆ ಒಮ್ಮೆಯಂತೆ, ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಇಷ್ಟು ಸಾಮಾನನ್ನು ಅಷ್ಟು ಬೇಗ ವಾಪಸ್ ಎಳೆಯಲು ಸ್ಪ್ರಿಂಗ್‌ಗೆ ಕಷ್ಟ. ಆರ್‌ಪಿಎಂ ಇನ್ನೂ ಏರಿಸಿದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಪವರ್ ಬೀಳುತ್ತದೆ.

ಓವರ್‌ಹೆಡ್ ಕ್ಯಾಮ್ ಗೆಲ್ಲುವುದು ಇಲ್ಲೇ. ಕ್ಯಾಮ್ ಮೇಲೆ, ಸಿಲಿಂಡರ್ ಮುಚ್ಚುವ ಹೆಡ್ಡಿನಲ್ಲೇ, ವಾಲ್ವ್‌ಗಳ ಹತ್ತಿರ ಇರುವುದರಿಂದ ಆ ರಾಡ್ ಬೇಕಿಲ್ಲ. ಎರಡು ಕ್ಯಾಮ್ ಇದ್ದರೆ ಸಿಲಿಂಡರಿಗೆ ನಾಲ್ಕು ವಾಲ್ವ್ ಕೂರಿಸುವುದು ಸುಲಭ, ಸ್ಪಾರ್ಕ್ ಪ್ಲಗ್ಗಿಗೆ ನಟ್ಟನಡುವೆ ಜಾಗ ಸಿಗುತ್ತದೆ.

ಆದರೆ ಕ್ಯಾಮ್ ತಿರುಗಿಸಲು ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಮೇಲಿನವರೆಗೆ ಉದ್ದದ ಚೈನೋ ಬೆಲ್ಟೋ ಬೇಕು. ಒಮ್ಮೆ ನನ್ನ ಹತ್ತಿರ ಬೆಲ್ಟ್ ಹರಿದ ಎಂಜಿನ್ ಬಂದಿತ್ತು. ಬದಲಿಸುವ ಅವಧಿ ಮೀರಿ ಹೋಗಿತ್ತು. ಕ್ಯಾಮ್ ನಿಂತು, ತೆರೆದೇ ಉಳಿದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದಿತ್ತು. ಹೆಡ್ ಎತ್ತಿ ನೋಡಿದರೆ ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದಂಥ ಗುರುತುಗಳು, ವಾಲ್ವ್‌ಗಳೆಲ್ಲ ಸೊಟ್ಟ. ಹಲ್ಲು ಸವೆದ ಒಂದು ರಬ್ಬರ್ ಪಟ್ಟಿಯಿಂದ ಇಷ್ಟೆಲ್ಲ! ನಿಮ್ಮದು ಬೆಲ್ಟ್ ಇರುವ ಎಂಜಿನ್ ಆದರೆ ಮ್ಯಾನ್ಯುಯಲ್ ಹೇಳಿದ ಅವಧಿಯನ್ನು ದಯವಿಟ್ಟು ಮೀರಬೇಡಿ.

ಪುಶ್‌ರಾಡ್ ಎಂಜಿನ್ನಿನ ಹೆಡ್ ಎತ್ತುವಾಗ ಟೈಮಿಂಗ್ ಚೈನ್ (ಕ್ಯಾಮ್ ತಿರುಗಿಸುವ ಚೈನ್) ಮುಟ್ಟುವ ಕೆಲಸವೇ ಇಲ್ಲ. ರಾಡ್‌ಗಳನ್ನು ಒಂದೊಂದಾಗಿ ತೆಗೆದು, ನಂಬರ್ ಬರೆದ ರಟ್ಟಿನ ತೂತುಗಳಲ್ಲಿ ಸಿಕ್ಕಿಸಿಡುತ್ತೇನೆ. ವಾಪಸ್ ಹಾಕುವಾಗ ಯಾವುದು ಎಲ್ಲಿತ್ತೋ ಅಲ್ಲೇ ಹೋಗಬೇಕು. ಗಾಜಿನ ಮೇಲೆ ಉರುಳಿಸಿದರೆ ಬಾಗಿದ ರಾಡ್ ಓಲಾಡುತ್ತದೆ, ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಲಾಭ ಗಾತ್ರದ್ದು. ವಿ8 ಎಂಜಿನ್ನಿಗೆ (ಎಂಟು ಸಿಲಿಂಡರ್, ವಿ ಆಕಾರದಲ್ಲಿ ಎರಡು ಸಾಲು) ಡಬಲ್ ಓವರ್‌ಹೆಡ್, ಅಂದರೆ ಸಾಲಿಗೆ ಎರಡರಂತೆ, ನಾಲ್ಕು ಕ್ಯಾಮ್‌ಶಾಫ್ಟ್, ಎರಡು ಅಗಲವಾದ ಹೆಡ್. ಪುಶ್‌ರಾಡ್‌ಗೆ ನಡುವೆ ಒಂದೇ ಕ್ಯಾಮ್ ಸಾಕು. ಎಂಜಿನ್ ಕುಳ್ಳಗೆ, ಹಗುರವಾಗಿ ಆಗುತ್ತದೆ. ಷೆವರ್ಲೆ ಕಾರ್ವೆಟ್ ನೋಡಿ. 2020ರ ಮಾದರಿಗೆ 6.2 ಲೀಟರಿನ ಪುಶ್‌ರಾಡ್ ವಿ8 ಕೊಟ್ಟರು. 2023ರ ಜಡ್06 ಮಾದರಿಗೆ 8600 ಆರ್‌ಪಿಎಂ ಬೇಕಾಯ್ತು. ಆಗ ಅದೇ ಕಂಪನಿ 5.5 ಲೀಟರಿನ, ನಾಲ್ಕು ಕ್ಯಾಮ್‌ಗಳ ಎಂಜಿನ್ ಮಾಡಿತು.